ಚಂದ್ರ ಹುಟ್ಟದ ಊರಿನಲ್ಲಿ ಸಂಕಷ್ಟಿ

ಜೂನ್ 12ರಂದು ನೈರೋಬಿಯ ಕಿಲೆಲೆಶ್ವಾ ಬಡಾವಣೆಯ ಮನೆಯಿಂದ ಹೊರಟ ಅಮ್ಮ ಮತ್ತು ನಾನು ನಾಲ್ಕು ವಿಮಾನ ಹತ್ತಿಳಿದು 13ರ ಮಧ್ಯಾಹ್ನ ಸ್ವಾಲ್ಬಾರ್ಡ್ ದ್ವೀಪಗಳನ್ನು ತಲುಪಿದೆವು. ಉತ್ತರ ಧ್ರುವ ಇಲ್ಲಿಂದ ದೂರವಿಲ್ಲ. ಚಳಿ 4 ಡಿಗ್ರಿ, ಮರಗಳು ಸೊನ್ನೆ, ರಸ್ತೆ ದಾಟಿದ ಹಿಮಸಾರಂಗಗಳು ಮೂರು. ವಸತಿಗೃಹದ ಬಾಗಿಲಲ್ಲೇ ಬೂಟು ಬಿಡಬೇಕು. ಕಲ್ಲಿದ್ದಲ ಮಸಿ ಒಳಗೆ ಬರದಿರಲೆಂದು ಹಿಂದೆ ಗಣಿಯವರು ಮಾಡಿಕೊಂಡ ರೂಢಿಯಂತೆ.

"ನಮ್ಮೋರೇ ಕಣೇ ಇವರು," ಅಂದಳು ಅಮ್ಮ.

14ರಂದು ಸಂಕಷ್ಟಿ. ಹನ್ನೊಂದು ವರ್ಷದಿಂದ ಅಮ್ಮ ಒಂದನ್ನೂ ಬಿಟ್ಟಿಲ್ಲ. ಚಂದ್ರನನ್ನು ನೋಡಿದ ಮೇಲೇ ಊಟ. ಸಕ್ಕರೆ ಕಾಯಿಲೆಯಿರುವುದರಿಂದ ಹಗಲು ಹಾಲು, ಹಣ್ಣು ಮಾತ್ರ; ಸಂಜೆಯಿಂದ ಚಂದ್ರ ಕಾಣುವವರೆಗೆ ಅದೂ ಇಲ್ಲ. ಚಂದ್ರೋದಯದ ಸಮಯವನ್ನು ಹೊರಡುವ ಮೊದಲೇ ಪಟ್ಟಿ ಮಾಡಿ ಕೊಟ್ಟಿದ್ದೆ: ರಾತ್ರಿ 9.33.

ಹಗಲೆಲ್ಲ ಸುತ್ತಾಡಿದೆವು. ಗುಡ್ಡದ ಮೇಲೆ ಹಿಂದೆ ತಂತಿಯ ಮೇಲೆ ಕಲ್ಲಿದ್ದಲು ಸಾಗಿಸುತ್ತಿದ್ದ ತೊಟ್ಟಿಲುಗಳ ಮರದ ಕಂಬಗಳು, ಕೆಳಗೆ ಸಮುದ್ರಕ್ಕಿಳಿದ ನೀಲಿ ಹಿಮನದಿ. ಹಿಮಕರಡಿಯ ಭಯಕ್ಕೆ ಮಾರ್ಗದರ್ಶಿ ಇಂಗ್ರಿಡ್ ಹೆಗಲಲ್ಲಿ ಕೋವಿ. ರಾತ್ರಿ ಒಂಬತ್ತೂವರೆಗೂ ಬಿಸಿಲು. ಚಂದ್ರ ಯಾವ ಕಡೆ ಬರುತ್ತಾನೆಂದು ಅವಳನ್ನು ಕೇಳಿದೆ.

"ಬರೋದಿಲ್ಲ. ಬೇಸಿಗೆಯಲ್ಲಿ ಕೆಲವು ದಿನ ಅವನು ದಿಗಂತದ ಕೆಳಗೇ ಸುತ್ತುತ್ತಾನೆ. ಇನ್ನೂ ಎರಡು ದಿನ ಹುಟ್ಟುವುದಿಲ್ಲ."

ಪಟ್ಟಿಯಲ್ಲಿದ್ದದ್ದು ನೈರೋಬಿಯ ಚಂದ್ರೋದಯ! ಸೂರ್ಯ ಮುಳುಗುವುದಿಲ್ಲವೆಂದು ಗೊತ್ತಿತ್ತು. ಚಂದ್ರನ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಅಮ್ಮ ವಸತಿಗೃಹದ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಕೈ ನಡುಗುತ್ತಿತ್ತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 64ಕ್ಕೆ ಇಳಿದಿತ್ತು.

"ಟೀ ಕುಡಿಯಮ್ಮ, ಸಕ್ಕರೆ ಹಾಕಿದೆ."

"ನೋಡದೆ ಹೇಗೆ ಕುಡೀಲಿ?"

ನೈರೋಬಿಯಲ್ಲೇ ಹೈರಿಡ್ಜ್‌ನಲ್ಲಿರುವ ಅಮ್ಮನ ಗೆಳತಿ ಶಾಂತಾ ಆಂಟಿಗೆ ವಿಡಿಯೊ ಕಾಲ್ ಮಾಡಿದೆ. ಆಂಟಿ ಏದುಸಿರು ಬಿಡುತ್ತಾ ಟೆರೇಸು ಹತ್ತಿದರು. "ಇಲ್ಲೂ ಮೋಡ ಕಣಮ್ಮ. ತಾಳು!"

ನಾಲ್ಕು ನಿಮಿಷ. ಇಂಗ್ರಿಡ್ ಟೀ ಲೋಟ ಹಿಡಿದು ನಿಂತೇ ಇದ್ದಳು. ಆಮೇಲೆ ಪರದೆಯಲ್ಲೊಂದು ಬಿಳಿ ಚುಕ್ಕೆ.

"ಕಂಡ್ನೇನೇ ವಿಮಲಾ? ಭೂಮಿ ತುದಿಗೆ ಹೋಗಿ ನಮ್ಮ ಟೆರೇಸಿನ ಚಂದ್ರನ್ನ ಕೇಳ್ತೀಯಲ್ಲೇ!"

ಅಮ್ಮ ನಕ್ಕಳು. ಫೋನಿನ ಮುಂದೆ ಒಂದು ಚಮಚ ನೀರು ಬಿಟ್ಟು ಕೈಮುಗಿದು, ಟೀ ಒಂದೇ ಉಸಿರಿಗೆ ಕುಡಿದಳು. ಕಾಲು ಗಂಟೆಯ ನಂತರ 91.

17ರ ಬೆಳಗಿನ ವಿಮಾನ ಮೇಲೇರುವಾಗ ಅಮ್ಮ ನನ್ನನ್ನು ತಿವಿದಳು. ಕಿಟಕಿಯಾಚೆ, ಹಿಮಗುಡ್ಡಗಳ ಅಂಚಿನಲ್ಲಿ, ಮಾಸಲು ಚಂದ್ರ.

"ಮೂರು ದಿನ ತಡ," ಅಂದಳು. "ನಿನ್ನ ಪಟ್ಟೀಲಿ ಬರ್ಕೋ."