ಮಿಷ್ಟಿ ಅಂಗಡಿಯ ಪಕ್ಕದ ಕೋಣೆ

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಕಲ್ಕತ್ತದ ಒಂದು ಗಲ್ಲಿಯಲ್ಲಿ, ಬೀಗ ಹಾಕಿದ ಬಾಗಿಲಿನ ಮುಂದೆ ನಿಂತು ನಾನು ಅಚ್ಚ ಧಾರವಾಡದ ಕನ್ನಡದಲ್ಲಿ ಕಿರುಚಿದೆ.

"ಸಿಕ್ತು ನೋಡ್ರಲೇ!"

ಎದುರಿನ ಮಿಷ್ಟಿ ಅಂಗಡಿಯವನು (ಮಿಷ್ಟಿ ಎಂದರೆ ಸಿಹಿತಿಂಡಿ, ಇಲ್ಲಿ ಬೀದಿಗೊಂದಲ್ಲ, ನಾಲ್ಕು ಅಂಗಡಿ) ಕಳ್ಳ ಸಿಕ್ಕಿಬಿದ್ದನೆಂದು ಕರಿಯುವ ಜಾರಾ ಸೌಟು ಹಿಡಿದುಕೊಂಡೇ ಓಡಿಬಂದ. ಸಿಕ್ಕಿದ್ದು ಕಳ್ಳನಲ್ಲ, ಕೋಣೆ. ಕೋಣೆ ಎಲ್ಲಾದರೂ ಕಳೆದುಹೋಗುತ್ತದೆಯೇ ಎಂದು ಕೇಳಬೇಡಿ. ಸರ್ಕಾರದ್ದಾದರೆ ಹೋಗುತ್ತದೆ.

ನನ್ನ ಭಾನುವಾರದ ಕನ್ನಡ ಕ್ಲಾಸಿನ ಗೋಳು ಈ ಅಂಕಣ ಓದುವವರಿಗೆ ಹೊಸದಲ್ಲ. ರೈಲ್ವೆ, ಬ್ಯಾಂಕು, ಕೇಂದ್ರ ಸರ್ಕಾರದ ಆಫೀಸು ಎಂದು ಇಲ್ಲಿಗೆ ಬಂದ ಕನ್ನಡಿಗರ ಹನ್ನೊಂದು ಮಕ್ಕಳು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. "ಊಟ ಆತೇನು?" ಎಂದರೆ "ಹೋ ಗಯಾ ಆಂಟಿ" ಎನ್ನುತ್ತಾರೆ. ಇವರಿಗೆಲ್ಲ ನಮ್ಮ ಎರಡು ಕೋಣೆಯ ಫ್ಲ್ಯಾಟೇ ಶಾಲೆ. ಆ ಹೊತ್ತಿನಲ್ಲಿ ರೈಲ್ವೆ ನೌಕರರಾದ ನನ್ನ ಯಜಮಾನರಿಗೆ ಬಾಲ್ಕನಿಯೇ ಗತಿ.

ಕೆಳಗಿನ ಮನೆಯಲ್ಲಿ ಅಜ್ಜಿಯೊಬ್ಬರು ಹಾಸಿಗೆ ಹಿಡಿದರು. ಅವರ ನೆತ್ತಿಯ ಮೇಲೆ ಹನ್ನೊಂದು ಜೊತೆ ಕಾಲು! ಫ್ಲ್ಯಾಟಿನ ಕಮಿಟಿಯವರು ಬಂದು ಕೈಮುಗಿದು ಹೇಳಿದರು, ದುರ್ಗಾಪೂಜೆಯವರೆಗೆ ಮಾತ್ರ, ಆಮೇಲೆ ಕ್ಲಾಸು ಇಲ್ಲಿ ಬೇಡ. ತಪ್ಪು ಅವರದಲ್ಲ. ಆದರೆ ಬೇರೆ ಯಾರ ಮನೆಯಲ್ಲೂ ಇಷ್ಟು ಜಾಗವಿಲ್ಲ. ಪೂಜೆ ಮುಗಿದರೆ ಕ್ಲಾಸೂ ಮುಗಿಯಿತು. ನನಗೆ ಎರಡು ದಿನ ಊಟ ರುಚಿಸಲಿಲ್ಲ.

ಪುರಸಭೆಗೆ (ಹೆಸರು ಹೇಳುವುದಿಲ್ಲ, ನಾನಿನ್ನೂ ಇಲ್ಲೇ ಬಾಳಬೇಕು) ಮೂರು ವರ್ಷದ ಹಿಂದೆಯೇ ಅರ್ಜಿ ಕೊಟ್ಟಿದ್ದೆ. ನಿಮ್ಮದೊಂದು ಖಾಲಿ ಕೋಣೆ, ಭಾನುವಾರ ಎರಡೇ ಗಂಟೆ ಕೊಡಿ ಎಂದು. ಪ್ರತಿ ಸಲವೂ ಒಂದೇ ಉತ್ತರ: "ಆಸ್ತಿಗಳ ರಿವ್ಯೂ ನಡೆಯುತ್ತಿದೆ." ರಿವ್ಯೂ ಎಂದರೇನು ಗೊತ್ತೆ? ಜಮೀನು ವಿಭಾಗ ನೋಡಿದ ಮೇಲೆ ಕಟ್ಟಡ ವಿಭಾಗ, ಆಮೇಲೆ ತೆರಿಗೆಯವರು, ಕೊನೆಗೆ ಕಾನೂನಿನವರು. ಒಬ್ಬರು ರಜೆ ಹಾಕಿದರೆ ಫೈಲಿಗೂ ರಜೆ. ನಾಲ್ಕನೆಯ ಟೇಬಲ್ಲಿಗೆ ಬರುವಷ್ಟರಲ್ಲಿ ಮೊದಲನೆಯವರಿಗೆ ವರ್ಗವಾಗಿರುತ್ತದೆ. ಮತ್ತೆ ಶುರುವಿನಿಂದ!

ಆಗ ಬಂದಳು ರೇಷ್ಮಾ. ಬೆಂಗಳೂರಿನ ಹುಡುಗಿ, ಸಾಲ್ಟ್ ಲೇಕಿನ ಐಟಿ ಕಂಪನಿಯಲ್ಲಿ ಕೆಲಸ. ಸಾರು ಅನ್ನ ಉಣ್ಣುವ ಆಸೆಗೆ ಒಂದು ಭಾನುವಾರ ನಮ್ಮ ಮನೆಗೆ ಬಂದವಳು, ಊಟವಾದ ಮೇಲೆ ಇಟ್ಟಿಗೆಯಷ್ಟು ಭಾರದ ಲ್ಯಾಪ್‌ಟಾಪ್ ತೆರೆದಳು. ನಮ್ಮ ಪುರಸಭೆಯ ಆಸ್ತಿಗಳನ್ನೆಲ್ಲ ಮ್ಯಾಪಿಗೆ ಏರಿಸುವ ಪ್ರಾಜೆಕ್ಟು ಅವಳದೇ ಅಂತೆ!

"ಸಿಂಪಲ್ ಆಂಟಿ. ಕೆಳಗೆ ಸ್ಯಾಟಲೈಟ್ ಫೋಟೊ. ಅದರ ಮೇಲೆ ಒಂದೊಂದ್ ಡಿಪಾರ್ಟ್‌ಮೆಂಟಿಗೆ ಒಂದೊಂದ್ ಲೇಯರ್. ಎಲ್ರೂ ಒಟ್ಟಿಗೇ ನೋಡ್ಬೋದು. ಫೈಲ್ ಓಡಾಡೋದೇ ಬೇಡ."

ಶಾಲೆಯಲ್ಲಿ ನಕ್ಷೆಯ ಮೇಲೆ ಟ್ರೇಸಿಂಗ್ ಪೇಪರ್ ಇಡುತ್ತಿದ್ದೆವಲ್ಲ, ಅದೇ. ಅವಳು ಮೌಸ್ ಆಡಿಸಿದಳು. ಗಂಗೆ ಕಂಡಿತು, ಸೇತುವೆ ಕಂಡಿತು, ನಮ್ಮ ಬೀದಿ ಬಂತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ರೀ, ನಮ್ಮ ನೀರಿನ ಟಾಕಿ ಕಾಣಸ್ತದ, ಬರ್ರಿ ಇಲ್ಲೆ!"

ಯಜಮಾನರು ಬಾಲ್ಕನಿಯಿಂದಲೇ ಕೇಳಿದರು, "ಅದರಾಗ ನೀರ ಅದನೋ ಇಲ್ಲೋ, ಅದೂ ಕಾಣಸ್ತದೇನು?"

ನಗಲು ನನಗೆ ಪುರುಸೊತ್ತಿರಲಿಲ್ಲ. ನಮ್ಮದೇ ವಾರ್ಡಿನ ಪಟ್ಟಿಯಲ್ಲಿ ಒಂದು ಸಾಲು: "ವಾಚನಾಲಯದ ಕೋಣೆ, ಖಾಲಿ." ಆದರೆ ಮ್ಯಾಪಿನಲ್ಲಿ ಅದಕ್ಕೊಂದು ಚೌಕವಿಲ್ಲ. ಯಾಕೆಂದರೆ ಅದು ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ! ಹಳೆಯ ರಿಜಿಸ್ಟರಿನಲ್ಲಿ ಇದ್ದದ್ದು ಚಕ್ಕುಬಂದಿ ಮಾತ್ರ. ಪೂರ್ವಕ್ಕೆ ಹಲಸಿನ ಮರ, ಪಶ್ಚಿಮಕ್ಕೆ ಸನ್ಯಾಲರ ದನದ ಕೊಟ್ಟಿಗೆ, ಉತ್ತರಕ್ಕೆ ಕೊಳ, ದಕ್ಷಿಣಕ್ಕೆ ಮೋದಕ್ ಬಾಬುವಿನ ಮಿಷ್ಟಿ ಅಂಗಡಿ. ಮರ ಹೋಗಿದೆ, ಕೊಟ್ಟಿಗೆ ಹೋಗಿದೆ, ಕೊಳದ ಮೇಲೆ ಅಪಾರ್ಟ್‌ಮೆಂಟ್ ಎದ್ದಿದೆ. ಉಳಿದಿರುವುದು ಅಂಗಡಿ ಒಂದೇ. ಪುರಸಭೆಯ ಗುಮಾಸ್ತ ಹರಾಧನ್ ಬಾಬು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ನೋಡಿ, "ಅಂಗಡಿಯ ಪಕ್ಕದಲ್ಲಿ ಕೋಣೆ ಕಂಡುಬಂದಿಲ್ಲ" ಎಂದು ಬರೆಯುತ್ತಾರಂತೆ.

"ಲೊಕೇಷನ್ ಸಿಗದಿದ್ರೆ ಈ ಎಂಟ್ರೀನೇ ತೆಗೆದುಬಿಡ್ತಾರೆ ಆಂಟಿ. ಮುಂದಿನ ಸೋಮವಾರ ಲಾಸ್ಟ್ ಡೇಟು."

ಹಾಗಾದರೆ ನಮಗೆ ಉಳಿದದ್ದು ಒಂದೇ ಭಾನುವಾರ. ಅವತ್ತು ಕ್ಲಾಸು ಬೀದಿಯಲ್ಲೇ ನಡೆಯಿತು. ಹನ್ನೊಂದು ಮಕ್ಕಳು, ಒಬ್ಬ ಗಂಡ, ದಪ್ಪ ಮೊಬೈಲಿನಂಥ ಜಿಪಿಎಸ್ ಯಂತ್ರ ಹಿಡಿದ ರೇಷ್ಮಾ, ಮುಂದೆ ನಾನು. ಮೋದಕ್ ಬಾಬುವಿನ ಅಂಗಡಿಯ ಅಕ್ಕಪಕ್ಕ ತಡಕಾಡಿದೆವು. ಒಂದು ಕಡೆ ಟೈಲರ್, ಇನ್ನೊಂದು ಕಡೆ ಮೆಡಿಕಲ್ ಶಾಪು. ಕೋಣೆ ಇಲ್ಲ.

ಎದುರು ಬದಿಯ ಮನೆಯ ಜಗಲಿಯ ಮೇಲೆ ಐದು ಜನ ಮುದುಕರು ಹರಟುತ್ತ ಕೂತಿದ್ದರು. "ಇಲ್ಲಿ ಹಲಸಿನ ಮರ ಎಲ್ಲಿತ್ತು?" ಎಂದೆ. ಕಲ್ಕತ್ತದಲ್ಲಿ ಹಿರಿಯರನ್ನು ಹೀಗೆ ಕೇಳಬಾರದು ನೋಡಿ! ಐದು ಜನಕ್ಕೆ ಏಳು ಅಭಿಪ್ರಾಯ. ಒಬ್ಬರು ಅದು ಹಲಸಲ್ಲ, ಮಾವು ಎಂದರು. ಇನ್ನೊಬ್ಬರಿಗೆ ಅದರ ಹಣ್ಣು ಕದ್ದವರು ಯಾರೆಂಬುದೇ ಮುಖ್ಯ. ಮಣ್ಣಿನ ಕುಡಿಕೆಗಳಲ್ಲಿ ಚಹಾ ಬಂತು, ದನಿಗಳು ಏರಿದವು, ಒಂದು ಗಂಟೆ ಕಳೆಯಿತು. ನನಗೆ ಅಳುವುದೊಂದು ಬಾಕಿ.

ಅಷ್ಟರಲ್ಲಿ ಒಂಬತ್ತು ವರ್ಷದ ಅದಿತಿ ನನ್ನ ಸೆರಗು ಜಗ್ಗಿದಳು. ಅವಳು ಇಲ್ಲೇ ಹುಟ್ಟಿದವಳು, ಬಾಂಗ್ಲಾ ಅರಳು ಹುರಿದಂತೆ. ಮೂಲೆಯ ತಾತನ ಜೊತೆ ಏನೋ ಮಾತಾಡುತ್ತಿದ್ದಳು.

"ಆಂಟಿ, ದಾದು ಹೇಳ್ತಿದ್ದಾರೆ, ಮಿಷ್ಟಿ ದುಕಾನ್ ಪೆಹಲೆ ಇಸ್ ಸೈಡ್ ಥಾ!"

ಅಂಗಡಿ ರಸ್ತೆ ದಾಟಿತ್ತು! ಹಳೇ ಅಂಗಡಿ ಸೋರುತ್ತಿತ್ತೆಂದು ಈಗಿನ ಅಂಗಡಿಯವನು ಹುಟ್ಟುವ ಮೊದಲೇ ಹಿರಿಯ ಮೋದಕ್ ಬಾಬು ಎದುರು ಬದಿಗೆ ಹೋಗಿದ್ದರು. ಕೋಣೆ ಪಾಪ, ಇದ್ದಲ್ಲೇ ಇತ್ತು. ನಾವೆಲ್ಲ ಒಟ್ಟಿಗೇ ತಿರುಗಿದೆವು. ಪೋಸ್ಟರುಗಳಡಿ ಹಸಿರು ಬಾಗಿಲು, ತುಕ್ಕು ಹಿಡಿದ ಬೀಗ, ಸುಣ್ಣದೊಳಗಿಂದ ಇಣುಕುವ ಬಾಂಗ್ಲಾ ಅಕ್ಷರ. ಅದಿತಿ ಓದಿ ಹೇಳಿದಳು, "ಪಾಠಾಗಾರ್." ವಾಚನಾಲಯ! ನಾನು ಕಿರುಚಿದ್ದು ಆಗಲೇ.

ರೇಷ್ಮಾ ಯಂತ್ರವನ್ನು ಆಕಾಶಕ್ಕೆ ಹಿಡಿದಳು. ಮಕ್ಕಳು ಉಸಿರು ಬಿಗಿಹಿಡಿದು ನಿಂತರು, ಯಜಮಾನರೂ. "ಬಂತು ಆಂಟಿ, ರೀಡಿಂಗ್ ಬಂತು!"

ಸೋಮವಾರ ಮ್ಯಾಪಿನಲ್ಲಿ ಚೌಕ ಮೂಡಿತು. ಬುಧವಾರ ನನ್ನನ್ನು ಕರೆಸಿದರು. ನಾಲ್ಕು ವಿಭಾಗದ ನಾಲ್ಕು ಅಧಿಕಾರಿಗಳು ಒಂದೇ ಪರದೆಯ ಮುಂದೆ! ಜಾಗ ನಮ್ಮದೇ ಎಂದರು ಒಬ್ಬರು, ಸೂರು ಗಟ್ಟಿಯಿದೆ ಎಂದರು ಇನ್ನೊಬ್ಬರು, ಉಳಿದಿಬ್ಬರದು ತಕರಾರಿಲ್ಲ. ಅರ್ಧ ಗಂಟೆ. ಮೂರು ವರ್ಷದ ಕೆಲಸ ಅರ್ಧ ಗಂಟೆಯಲ್ಲಿ! ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಚಪ್ಪಾಳೆ ತಟ್ಟಿದೆ. ಐಟಿ ಎಂದರೆ ಅಮೆರಿಕದವರ ಚಾಕರಿ ಎಂದು ಈ ಅಂಕಣದಲ್ಲೇ ಮೂಗು ಮುರಿದವಳು ನಾನು. ಅದನ್ನು ವಾಪಸು ತೆಗೆದುಕೊಂಡಿದ್ದೇನೆ. (ಆದರೆ ಅಂಗಡಿ ರಸ್ತೆ ದಾಟಿದ್ದು ಉಪಗ್ರಹಕ್ಕೆ ಗೊತ್ತಿರಲಿಲ್ಲ, ಜಗಲಿಯ ತಾತನಿಗೆ ಗೊತ್ತಿತ್ತು. ರೇಷ್ಮಾಗೂ ಹಾಗೇ ಹೇಳಿದೆ, ಒಪ್ಪಿದಳು.)

ಬೀಗ ತೆಗೆಯಲು ಹರಾಧನ್ ಬಾಬು ತಾವೇ ಬಂದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಮುಖ ಸಣ್ಣದಾಗಿತ್ತು.

"ಹದಿನಾಲ್ಕು ವರ್ಷ ಆ ಅಂಗಡಿಗೆ ಹೋಗಿದ್ದೇನೆ, ದಿದಿಮೊಣಿ," ಎಂದರು. (ಟೀಚರಮ್ಮನನ್ನು ಇಲ್ಲಿ ಕರೆಯುವುದೇ ಹಾಗೆ.) "ಪ್ರತಿ ಸಲ ಸೊಂದೇಶ್ ತಿಂದಿದ್ದೇನೆ. ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ."

ಅಪ್ಪಂದಿರು ಕಸ ಗುಡಿಸಿದರು, ಅಮ್ಮಂದಿರು ನೆಲ ತೊಳೆದರು. ಕಳೆದ ಭಾನುವಾರ ಹತ್ತರಿಂದ ಹನ್ನೆರಡು ಮೊದಲ ಕ್ಲಾಸು. ಹನ್ನೊಂದು ಮಕ್ಕಳು ಗಂಟಲು ಹರಿಯುವಂತೆ ಕಾಗುಣಿತ ಒದರಿದರು. ಯಾರ ನೆತ್ತಿಯೂ ಕೆಳಗಿಲ್ಲ!

ಹರಾಧನ್ ಬಾಬು ಅಷ್ಟೂ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಬೀಗ ಹಾಕಲು ಕಾಯುತ್ತಿದ್ದಾರೆ ಎಂದುಕೊಂಡೆ. ಮಕ್ಕಳು ಹೊರಟ ಮೇಲೆ ಮೆಲ್ಲಗೆ ಒಳಗೆ ಬಂದರು.

"ಹನ್ನೆರಡರ ಮೇಲೆ ಕೋಣೆ ಖಾಲಿ ಇರುತ್ತದಲ್ಲವೆ? ನನ್ನ ಮೊಮ್ಮಗಳು ಇಂಗ್ಲಿಷ್ ಸ್ಕೂಲು. ನಾನು ಬಾಂಗ್ಲಾದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಓದಲು ಒಂದಕ್ಷರ ಬರುವುದಿಲ್ಲ. ಈ ಬೀದಿಯಲ್ಲಿ ಅವಳಂಥವರು ಬಹಳ ಇದ್ದಾರೆ. ನಾನು ಅವರಿಗೊಂದು ಕ್ಲಾಸು ಮಾಡಬಹುದೇ?"

ಕಲ್ಕತ್ತದಲ್ಲಿ ಕನ್ನಡಕ್ಕೆ ಕೋಣೆ ಬೇಕಾಗಿದ್ದು ಸರಿ. ಕಲ್ಕತ್ತದಲ್ಲಿ ಬಾಂಗ್ಲಾಕ್ಕೆ? ಆಗಲಿ ಎಂದೆ. ಕ್ಲಾಸು ನೋಡಲು ಬಂದಿದ್ದ ರೇಷ್ಮಾ ಅಲ್ಲೇ ಲ್ಯಾಪ್‌ಟಾಪ್ ತೆರೆದು ಮ್ಯಾಪಿನ ಆ ಚೌಕಕ್ಕೆ ಒಂದು ಸಾಲು ಸೇರಿಸಿದಳು: ಹನ್ನೆರಡರಿಂದ ಎರಡು, ಬಾಂಗ್ಲಾ.

ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಕೂತು ಇದನ್ನು ಓದುತ್ತಿರುವವರೇ, ನಿಮ್ಮ ವಾರ್ಡಿನಲ್ಲಿ ಕನ್ನಡಕ್ಕೆಂದು ಒಂದು ಖಾಲಿ ಕೋಣೆ ನೋಡಿಟ್ಟಿದ್ದೀರಾ?