ಹೊಸ್ತಿಲಾಚೆಯ ಡಾಕ್ಟರು

ಚಾಮರಾಜಪೇಟೆಯ ನಮ್ಮ ಬೀದಿಯ ಡಾಕ್ಟರು ಅಜ್ಜಿಯ ಹರಕೆಗಳನ್ನು ಕಂಡರೆ ನಗುತ್ತಿದ್ದವರು. ನಲವತ್ತರ ದಶಕದಲ್ಲಿ ಊರಿಗೆಲ್ಲ ಸಿಡುಬು ಹರಡಿ, ನನ್ನ ಪುಟ್ಟ ತಂಗಿಯ ಕಣ್ಣು ಕೀವುಗಟ್ಟಿ ಮುಚ್ಚಿಕೊಂಡಾಗ ಅಜ್ಜಿ ಅವರನ್ನೇ ಕರೆಸಿದರು. ಬಾಗಿಲಿಗೆ ಸಿಕ್ಕಿಸಿದ್ದ ಬೇವಿನ ಸೊಪ್ಪು ಕಂಡದ್ದೇ ತಡ, ಡಾಕ್ಟರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೊಸ್ತಿಲಾಚೆಯೇ ನಿಂತರು.

“ಇದು ಮಾರಮ್ಮ ಅಜ್ಜೀ, ಔಷಧಿ ಕೊಟ್ರೆ ತಾಯಿ ಮುನಿಸ್ಕೋತಾಳೆ.”

“ತಾಯೀನ ನಾನು ನೋಡ್ಕೋತೀನಿ ಸ್ವಾಮಿ, ನೀವು ಒಳಗೆ ಬಂದು ಮಗೂ ಕಣ್ಣು ನೋಡಿ.”

ಅಜ್ಜಿಯ ಮಾತು ಮುಗಿಯುವಷ್ಟರಲ್ಲಿ ಅವರು ಗೇಟು ದಾಟಿದ್ದರು.

ತಂಗಿ ಬದುಕಿದಳು, ಆದರೆ ಒಂದು ಕಣ್ಣು ಹೋಯಿತು. ಸಿಡುಬಿನ ಕಾಟ ಅಡಗಿದ ಮೇಲೆ ಅದೇ ಮನುಷ್ಯ ನಮ್ಮ ಜಗಲಿ ಹತ್ತಿ ಬಂದು, ಅವಳ ಗಲ್ಲ ಹಿಡಿದೆತ್ತಿ ನೋಡಿ, “ಛೆ, ಎಲ್ಲಾ ನಿಮ್ಮ ಮೂಢನಂಬಿಕೆ ಅಜ್ಜೀ!” ಎಂದರು.

ಆ ಶುಭ್ರ ಬೆರಳುಗಳ ಸೋಪಿನ ವಾಸನೆಯನ್ನು ನಾನು ಈಗಲೂ ಮರೆತಿಲ್ಲ.