ಸಾಲು ಉಳಿಸಿಕೊಟ್ಟ ಟೀಚರ್

ಸಾಲು ಮುಗಿದಾಗಲೆಲ್ಲ ಟೀಚರ್ ಅವರ ಎಡಗೈ ಮೇಲೆದ್ದು ಗಾಳಿಯನ್ನು ಬಲಕ್ಕೆ ತಳ್ಳುತ್ತಿತ್ತು. ಕಂಪ್ಯೂಟರ್ ಬಂದು ಎಷ್ಟೋ ವರ್ಷವಾದರೂ ಟೈಪ್‌ರೈಟರಿನ ಹಿಡಿ ತಳ್ಳುವ ಆ ಅಭ್ಯಾಸ ಹೋಗಲೇ ಇಲ್ಲ. ಕಾಪುವಿನಲ್ಲಿ ಅವರು ನಡೆಸುತ್ತಿದ್ದ ಟೈಪಿಂಗ್ ಕ್ಲಾಸಿನಲ್ಲಿ ನಾವೆಲ್ಲ ಆ ಕೈ ನೋಡಿ ನಗುತ್ತಿದ್ದೆವು. "ನಗಿ, ನಗಿ. ನಿಮ್ಮ ಸ್ಪೆಲ್ಲಿಂಗ್ ನೋಡುವಾಗ ನಾನು ನಗುತ್ತೇನೆ" ಎನ್ನುತ್ತಿದ್ದರು. ಅವರದು ಮನೆಯಲ್ಲಿ ಕೊಂಕಣಿ, ಪಾಠಕ್ಕೆ ಕನ್ನಡ, ಬೈಯುವುದಕ್ಕೆ ತುಳು. ಟೀಚರ್ ಎಂದರೆ ನನಗೆ ಇಂದಿಗೂ ಅವರೊಬ್ಬರೇ.

ನನ್ನ ಅಮ್ಮ ಎಲ್ಲೂರಿನ ಗದ್ದೆಗಳಲ್ಲಿ ಭತ್ತದ ನೇಜಿ ನೆಡುವಾಗ ಪಾಡ್ದನ ಎಂಬ ತುಳು ಹಾಡುಗಳನ್ನು ಹೇಳುತ್ತಿದ್ದವರು. ಕೊನೆಗಾಲದಲ್ಲಿ ಅವರನ್ನು ಕೂರಿಸಿ ಹಾಡಿಸಿ, ನಾನು ಕೆಲಸಕ್ಕಿದ್ದ ಮಣಿಪಾಲದ ಆಫೀಸಿನವರು ಕೊಟ್ಟಿದ್ದ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಕೊಂಡಿದ್ದೆ. ಅವರು ಉಸಿರು ತೆಗೆದುಕೊಂಡಲ್ಲಿ ಸಾಲು ಮುಗಿಸುತ್ತಿದ್ದೆ. ಒಮ್ಮೊಮ್ಮೆ ಅದು ಶಬ್ದದ ನಡುವೆಯೇ ಬೀಳುತ್ತಿತ್ತು. ಅಮ್ಮ ತೀರಿಕೊಂಡರು. ವರ್ಷಾಂತಿಕಕ್ಕೆ ಪುಸ್ತಕ ಮಾಡೋಣವೆಂದು ಫೈಲನ್ನು ಮನೆಯ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆದರೆ ಸಾಲುಗಳೇ ಇಲ್ಲ. ಹಾಡೆಲ್ಲ ಒಂದೇ ಮುದ್ದೆ. ಲ್ಯಾಪ್‌ಟಾಪನ್ನು ಆಫೀಸಿಗೆ ಮರಳಿಸಿಯಾಗಿತ್ತು, ಧ್ವನಿ ರೆಕಾರ್ಡ್ ಮಾಡಿರಲಿಲ್ಲ. ಪೆನ್‌ಡ್ರೈವ್ ಹಿಡಿದು ಟೀಚರಲ್ಲಿಗೆ ಓಡಿದೆ.

ಅವರ ಕಂಪ್ಯೂಟರಿನಲ್ಲೂ ಅದೇ ಮುದ್ದೆ. ಬೇರೆ ದಾರಿ ಕಾಣದೆ, ಅರ್ಥ ನೋಡಿಕೊಂಡು ಅಲ್ಲಲ್ಲಿ ಎಂಟರ್ ಒತ್ತಲು ಶುರು ಮಾಡಿದೆ. ಕೈಗೆ ಪಟ್ಟನೆ ಒಂದು ಪೆಟ್ಟು ಬಿತ್ತು.

"ಎಂತ ಮಾಡುವುದು ಮಾರಾಯ ನೀನು? ಹಾಡು ನಿನ್ನದಾ, ಅಮ್ಮನದಾ? ಸೇವ್ ಮಾಡಿದ್ದೀಯಾ?"

"ಇಲ್ಲ ಟೀಚರ್."

"ಹಾಗಾದರೆ ಸಾಲುಗಳು ಇಲ್ಲೇ ಉಂಟು. ಟೈಪ್‌ರೈಟರಿನ ಹಿಡಿ ತಳ್ಳಿದರೆ ಎರಡು ಕೆಲಸ ಆಗುತ್ತದೆ ಅಲ್ವಾ? ಸಾಲಿನ ಆರಂಭಕ್ಕೆ ಬರುವುದು ಒಂದು, ಕೆಳಗೆ ಇಳಿಯುವುದು ಒಂದು. ನಮ್ಮ ಈ ಹಳೇ ಕಂಪ್ಯೂಟರುಗಳಿಗೆ ಎರಡಕ್ಕೂ ಫೈಲಿನೊಳಗೆ ಕಣ್ಣಿಗೆ ಕಾಣದ ಒಂದೊಂದು ಗುರುತು ಬೇಕು. ಆಫೀಸಿನದ್ದು ಇಳಿಯುವ ಗುರುತು ಒಂದನ್ನೇ ಹಾಕಿದೆ. ಇದಕ್ಕೆ ಅದು ಅರ್ಥವಾಗುವುದಿಲ್ಲ, ಅಷ್ಟೆ."

ಮೊದಲು ಒಂದು ಕಾಪಿ ತೆಗೆದಿಟ್ಟರು. ಕಾಪಿ ಇಲ್ಲದೆ ಯಾರ ಫೈಲನ್ನೂ ಮುಟ್ಟಿದವರಲ್ಲ. ಆಮೇಲೆ ಒಂಟಿ ಗುರುತು ಇದ್ದಲ್ಲೆಲ್ಲ ಎರಡೂ ಬರುವಂತೆ ಬದಲಿಸಿದರು. ಹಾಡು ಸಾಲುಸಾಲಾಗಿ ಇಳಿಯಿತು. ಟೀಚರ್ ಗಟ್ಟಿಯಾಗಿ ಓದಿದರು. ಶಬ್ದ ಅರ್ಧಕ್ಕೆ ನಿಂತಲ್ಲಿ ತಾವೂ ನಿಂತರು. ನನಗೆ ಅಳು ತಡೆಯಲಾಗಲಿಲ್ಲ.

ಟೀಚರ್ ಹೋದ ವರ್ಷ ತೀರಿಕೊಂಡರು. ಅಮ್ಮ ಹೋದ ಮೇಲೆ ಹುಟ್ಟಿದ ನನ್ನ ಮಗಳು ಈಗ ಆ ಪುಸ್ತಕ ನೋಡಿ ಹಾಡುತ್ತಾಳೆ. ಅಜ್ಜಿಯ ಧ್ವನಿಯನ್ನು ಅವಳು ಕೇಳಿಯೇ ಇಲ್ಲ. ಆದರೂ ಅಜ್ಜಿ ಉಸಿರು ತೆಗೆದುಕೊಂಡಲ್ಲೇ ಅವಳೂ ಉಸಿರು ತೆಗೆದುಕೊಳ್ಳುತ್ತಾಳೆ.